ಸರ್ಕಾರಿ ಶಾಲೆಗಳಲ್ಲಿ ಸಮಾನ ಸೌಲಭ್ಯ: ದೂರು ಸಲ್ಲಿಸುವ ಹಾಗೂ ಪರಿಹಾರ ಪಡೆಯುವ ವಿಧಾನ

ಸರ್ಕಾರಿ ಶಾಲೆಯಲ್ಲಿ ವ್ಯಾಸಂಗ ಮಾಡುವ ಪ್ರತಿಯೊಂದು ಮಗುವಿಗೂ ಪಠ್ಯಪುಸ್ತಕ, ಸಮವಸ್ತ್ರ, ಸಾಕಷ್ಟು ಶಿಕ್ಷಕರು, ಕುಡಿಯುವ ನೀರು, ಶೌಚಾಲಯ ಹಾಗೂ ಮಧ್ಯಾಹ್ನದ ಬಿಸಿಯೂಟ ದೊರೆಯಬೇಕೆಂಬುದು ಕಾನೂನಿನ ಆಶಯ ಮಾತ್ರವಲ್ಲ, ಕಾನೂನಿನ ಆದೇಶವೂ ಆಗಿದೆ. ಇವುಗಳಲ್ಲಿ ಯಾವುದಾದರೂ ದೊರೆಯದಿದ್ದಲ್ಲಿ, ಅಥವಾ ಕೆಲವು ಮಕ್ಕಳಿಗೆ ದೊರೆತು ಇನ್ನು ಕೆಲವರಿಗೆ ದೊರೆಯದಿದ್ದಲ್ಲಿ, ಯಾರಿಗೆ ಮತ್ತು ಯಾವ ರೀತಿಯಲ್ಲಿ ದೂರು ಸಲ್ಲಿಸಬೇಕೆಂಬುದನ್ನು ಪೋಷಕರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಶಾಲೆಗೆ ಸಂಬಂಧಿಸಿದ ಬಹಳಷ್ಟು ಅಹವಾಲುಗಳು ಶಾಲೆಯ ಬಾಗಿಲಿನಲ್ಲಿ ಬಾಯಿಮಾತಿನಲ್ಲಿ ಹೇಳಲ್ಪಟ್ಟು ಅಲ್ಲಿಯೇ ಮುಗಿದುಹೋಗುತ್ತವೆ. ಬಾಯಿಮಾತಿಗೆ ದಿನಾಂಕವಿಲ್ಲ, ಸ್ವೀಕೃತಿ ಸಂಖ್ಯೆಯಿಲ್ಲ. ಆದಕಾರಣ ಅದಕ್ಕೆ ಕಾಲಮಿತಿಯೂ ಇಲ್ಲ. ಲಿಖಿತ ದೂರು ಕಚೇರಿಯ ಟಪಾಲು ವಹಿಯಲ್ಲಿ ದಾಖಲಾದ ದಿನದಿಂದ ಮಾತ್ರ ಕಾನೂನಿನ ಗಡುವು ಎಣಿಕೆಯಾಗುತ್ತದೆ. ಓದುಬರಹ ಬಾರದ ಪೋಷಕರು ಅರ್ಜಿಯನ್ನು ಬೇರೆಯವರಿಂದ ಬರೆಯಿಸಿ ಹೆಬ್ಬೆಟ್ಟಿನ ಗುರುತು ಹಾಕಿ ಸಲ್ಲಿಸಬಹುದು.

ಹಕ್ಕಿನ ಆಧಾರ

2002ರಲ್ಲಿ ಸಂವಿಧಾನಕ್ಕೆ ಮಾಡಲಾದ 86ನೇ ತಿದ್ದುಪಡಿಯಿಂದ 21-ಎ ಅನುಚ್ಛೇದ ಸೇರ್ಪಡೆಯಾಗಿ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಯಿತು. ಇದನ್ನು ಜಾರಿಗೊಳಿಸಲು ರಚಿಸಲಾದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಕರ್ನಾಟಕದ ನಿಯಮಗಳು 2012ರಲ್ಲಿ ಪ್ರಕಟಗೊಂಡವು.

ಸದರಿ ಅಧಿನಿಯಮದ ಅನುಸೂಚಿಯು ದೂರುದಾರರಿಗೆ ಅತ್ಯಂತ ಉಪಯುಕ್ತವಾದ ಭಾಗ. ಶಾಲೆಯಲ್ಲಿ ಏನೇನಿರಬೇಕೆಂಬುದು ಅದರಲ್ಲಿ ಅಂಕಿಗಳ ಸಮೇತ ಇದೆ. 1ರಿಂದ 5ನೇ ತರಗತಿಯವರೆಗೆ 60 ಮಕ್ಕಳಿರುವಲ್ಲಿ 2 ಶಿಕ್ಷಕರು, 61ರಿಂದ 90 ಮಕ್ಕಳಿಗೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5 ಶಿಕ್ಷಕರಿರಬೇಕು. ಮಕ್ಕಳ ಸಂಖ್ಯೆ 150 ದಾಟಿದಲ್ಲಿ ಇದರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು. 6ರಿಂದ 8ನೇ ತರಗತಿಗಳಲ್ಲಿ ತರಗತಿಗೆ ಕನಿಷ್ಠ ಒಬ್ಬರು ಹಾಗೂ ಪ್ರತಿ 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರಿದ್ದು, ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆ ಇವುಗಳಿಗೆ ಬೋಧಕರಿರತಕ್ಕದ್ದು. ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಎಲ್ಲ ಮಕ್ಕಳಿಗೂ ಸಾಕಾಗುವಷ್ಟು ಶುದ್ಧ ಕುಡಿಯುವ ನೀರು, ಅಡೆತಡೆಯಿಲ್ಲದ ಪ್ರವೇಶ ಮಾರ್ಗ, ಅಡುಗೆ ಕೋಣೆ, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿ, ಗ್ರಂಥಾಲಯ ಇವೂ ಅನುಸೂಚಿಯಲ್ಲಿವೆ. ಒಂದು ಶೈಕ್ಷಣಿಕ ವರ್ಷದಲ್ಲಿ 1ರಿಂದ 5ನೇ ತರಗತಿಗೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು.

ಅಧಿನಿಯಮದ ಪ್ರಕರಣ 3ರಂತೆ, ಶಿಕ್ಷಣ ಪೂರ್ಣಗೊಳಿಸಲು ಅಡ್ಡಿಯಾಗುವ ಯಾವುದೇ ಶುಲ್ಕ ಅಥವಾ ವೆಚ್ಚವನ್ನು ಮಗುವಿನಿಂದ ಪಡೆಯುವಂತಿಲ್ಲ. ಈ ವಿಷಯದಲ್ಲಿ ಶಾಲೆಗಳಲ್ಲಿಯೂ ಆಗಾಗ ಗೊಂದಲವಾಗುವುದುಂಟು. 2022ರ ಅಕ್ಟೋಬರ್‌ನಲ್ಲಿ ಶಾಲಾ ಸಮಿತಿಗಳು ಪೋಷಕರಿಂದ ತಿಂಗಳಿಗೆ 100 ರೂ. ದೇಣಿಗೆ ಸಂಗ್ರಹಿಸಬಹುದೆಂದು ಹೊರಡಿಸಲಾಗಿದ್ದ ಸುತ್ತೋಲೆಯನ್ನು ವ್ಯಾಪಕ ಆಕ್ಷೇಪದ ನಂತರ ಅದೇ ತಿಂಗಳಿನಲ್ಲಿ ಹಿಂಪಡೆಯಲಾಯಿತು. ದೇಣಿಗೆ ಕೊಡಲಿಲ್ಲವೆಂಬ ಕಾರಣಕ್ಕೆ ಪುಸ್ತಕ ಅಥವಾ ಅಂಕಪಟ್ಟಿ ತಡೆಹಿಡಿದರೆ ಅದು ದೂರಿಗೆ ಅರ್ಹವಾದ ವಿಷಯ.

ಹಾಗೆಯೇ ಜನನ ಪ್ರಮಾಣಪತ್ರವಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 14). ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೂ ನಿರಾಕರಿಸುವಂತಿಲ್ಲ. ವಿನಾಕಾರಣ ವಿಳಂಬ ಮಾಡುವ ಮುಖ್ಯ ಶಿಕ್ಷಕರು ಶಿಸ್ತುಕ್ರಮಕ್ಕೆ ಒಳಗಾಗುತ್ತಾರೆ (ಪ್ರಕರಣ 5). ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿದೆ. ಕೆಲಸ ಅರಸಿ ಊರೂರು ಅಲೆಯುವ ಕುಟುಂಬಗಳ ಮಕ್ಕಳಿಗೆ ಈ ಮೂರು ಅಂಶಗಳು ವಿಶೇಷವಾಗಿ ಅನ್ವಯಿಸುತ್ತವೆ.

ಕೊರತೆ ಯಾರ ಹಂತದ್ದು?

ದೂರು ಬರೆಯುವ ಮುನ್ನ ಕೊರತೆ ಎಲ್ಲಿ ಉಂಟಾಗಿದೆಯೆಂಬುದನ್ನು ತಿಳಿದುಕೊಳ್ಳುವುದು ಒಳಿತು. ಪುಸ್ತಕಗಳು ಶಾಲೆಗೆ ಬಂದಿದ್ದೂ ಮಕ್ಕಳ ಕೈಸೇರಿಲ್ಲವಾದರೆ ಅದು ಶಾಲಾ ಹಂತದ ಲೋಪ. ಪುಸ್ತಕಗಳೇ ಬಂದಿಲ್ಲವಾದರೆ ಮುಖ್ಯ ಶಿಕ್ಷಕರು ಬೇಡಿಕೆ ಸಲ್ಲಿಸಿದ್ದರೇ ಎಂಬುದು ಮೊದಲ ಪ್ರಶ್ನೆ. ಸಲ್ಲಿಸಿದ್ದಲ್ಲಿ ಹೊಣೆ ಮೇಲಿನ ಹಂತದ್ದು. ಶಿಕ್ಷಕರ ಹುದ್ದೆ ಮಂಜೂರು ಮಾಡುವ ಅಥವಾ ವರ್ಗಾವಣೆ ಮಾಡುವ ಅಧಿಕಾರ ಮುಖ್ಯ ಶಿಕ್ಷಕರಿಗಿಲ್ಲ. ಎರಡು ವರ್ಷದಿಂದ ಗಣಿತ ಶಿಕ್ಷಕರಿಲ್ಲವೆಂದು ಅವರ ವಿರುದ್ಧವೇ ಅರ್ಜಿ ನೀಡಿದರೆ, ಅವರಿಂದ ವಿವರಣೆ ಪಡೆಯುವುದರಲ್ಲಿಯೇ ತಿಂಗಳುಗಳು ಕಳೆದು, ಮಕ್ಕಳಿಗೆ ಪಾಠವಿಲ್ಲದ ಸ್ಥಿತಿ ಮುಂದುವರಿಯುತ್ತದೆ. ಇಂತಹ ಅರ್ಜಿಯಲ್ಲಿ ವ್ಯಕ್ತಿಯ ಹೆಸರಿಗಿಂತ ಹುದ್ದೆ ಖಾಲಿಯಾದ ದಿನಾಂಕ ಮುಖ್ಯವಾಗಿರಬೇಕು. ಮಂಜೂರಾದ ಒಟ್ಟು ಹುದ್ದೆಗಳಲ್ಲಿ ಖಾಲಿ ಹುದ್ದೆಗಳು ಶೇಕಡಾ 10ನ್ನು ಮೀರಬಾರದೆಂದು ಪ್ರಕರಣ 26 ಹೇಳುತ್ತದೆ.

ಶಾಲೆಯ ಅನುದಾನದ ಲೆಕ್ಕವನ್ನೂ ನೋಡಬೇಕು. ಸಮಗ್ರ ಶಿಕ್ಷಣ ಯೋಜನೆಯಡಿ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ವಾರ್ಷಿಕ ಸಂಯುಕ್ತ ಶಾಲಾ ಅನುದಾನವಿದ್ದು, ಅದರಲ್ಲಿ ಕನಿಷ್ಠ ಶೇಕಡಾ 10 ಭಾಗವನ್ನು ಸ್ವಚ್ಛತೆಗೆ ವಿನಿಯೋಗಿಸಬೇಕಾಗಿದೆ. ಶೌಚಾಲಯವಿದ್ದೂ ಬೀಗ ಹಾಕಿದ್ದರೆ ಅಥವಾ ನೀರಿಲ್ಲದೆ ಬಳಕೆಯಲ್ಲಿಲ್ಲದಿದ್ದರೆ, ಅನುದಾನದ ನಗದು ಪುಸ್ತಕ ಮತ್ತು ವೋಚರುಗಳನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆಯಲ್ಲಿ ನೋಡಲು ಕೇಳಬಹುದು. ಅನುದಾನದ ಬಳಕೆಯ ಮೇಲೆ ನಿಗಾ ಇಡುವುದು ಸಮಿತಿಯ ಕರ್ತವ್ಯವೆಂದು ಪ್ರಕರಣ 21 ತಿಳಿಸುತ್ತದೆ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದಲೇ ಅಸ್ತಿತ್ವದಲ್ಲಿವೆ. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರೂ, ಒಟ್ಟಾರೆ ಅರ್ಧದಷ್ಟು ಮಹಿಳೆಯರೂ ಇರಬೇಕೆಂಬುದು ಕೇಂದ್ರ ಅಧಿನಿಯಮದ ಷರತ್ತು.

ಸಣ್ಣಪುಟ್ಟ ಕೊರತೆಗಳು ಮುಖ್ಯ ಶಿಕ್ಷಕರು ಹಾಗೂ ಸಮಿತಿಯ ಹಂತದಲ್ಲಿಯೇ ಬಗೆಹರಿಯುವುದು ಮೇಲು. ಆದರೆ ಸಮಿತಿಗೆ ಮೊದಲು ಹೇಳಿರಲೇಬೇಕೆಂಬ ಷರತ್ತು ಕಾನೂನಿನಲ್ಲಿಲ್ಲ. ಸಮಿತಿಯ ಅಧ್ಯಕ್ಷರೇ ದೂರಿನ ವಿಷಯದಲ್ಲಿ ಭಾಗಿಯಾಗಿದ್ದಲ್ಲಿ ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ನೀರು, ಶೌಚಾಲಯ, ರಸ್ತೆಯ ವಿಷಯ ಕೇಳಬಹುದಾಗಿದ್ದು, ಅಲ್ಲಿನ ನಡವಳಿಯ ಪ್ರತಿಯನ್ನು ದೂರಿಗೆ ಲಗತ್ತಿಸಿದರೆ ಅದೊಂದು ಉತ್ತಮ ದಾಖಲೆಯಾಗುತ್ತದೆ.

ಪ್ರಕರಣ 32ರ ಅಡಿಯಲ್ಲಿ ದೂರು

ಈ ವಿಷಯದ ತಿರುಳು ಇರುವುದು ಈ ಪ್ರಕರಣದಲ್ಲಿ. ಮಗುವಿನ ಶಿಕ್ಷಣ ಹಕ್ಕಿಗೆ ಸಂಬಂಧಿಸಿದ ಕುಂದುಕೊರತೆ ಇರುವ ಯಾವುದೇ ವ್ಯಕ್ತಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ‘ಯಾವುದೇ ವ್ಯಕ್ತಿ’ ಎಂಬ ಪದಗಳನ್ನು ಗಮನಿಸಬೇಕು: ತಂದೆತಾಯಿಯೇ ಆಗಿರಬೇಕೆಂದಿಲ್ಲ, ನೆರೆಯವರು, ಅಜ್ಜಅಜ್ಜಿ, ಸಂಘ ಸಂಸ್ಥೆಯವರು, ಅದೇ ಶಾಲೆಯ ಶಿಕ್ಷಕರೂ ಸಲ್ಲಿಸಬಹುದು. ದೂರು ಸ್ವೀಕರಿಸಿದ ಪ್ರಾಧಿಕಾರವು ಸಂಬಂಧಪಟ್ಟವರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿ, 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದು.

‘ಸ್ಥಳೀಯ ಪ್ರಾಧಿಕಾರ’ ಎಂಬುದರಲ್ಲಿ ಪಂಚಾಯತಿಗಳು ಮತ್ತು ನಗರ ಸಂಸ್ಥೆಗಳೂ, ಶಾಲೆಯ ಮೇಲೆ ಆಡಳಿತ ನಿಯಂತ್ರಣ ಹೊಂದಿರುವ ಇತರ ಪ್ರಾಧಿಕಾರಗಳೂ ಸೇರುತ್ತವೆ. ಸಾಮಾನ್ಯ ಓದುಗರಿಗೆ ಇದು ತುಸು ತೊಡಕಿನ ವ್ಯಾಖ್ಯೆ. ಗ್ರಾಮೀಣ ಭಾಗದಲ್ಲಿ ದೂರನ್ನು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಸಲ್ಲಿಸಿ, ಪ್ರತಿಗಳನ್ನು ಗ್ರಾಮ ಪಂಚಾಯತಿಗೂ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೂ ನೀಡುವುದು ಸುರಕ್ಷಿತ. ದೂರು ತಪ್ಪು ಕಚೇರಿಗೆ ಬಂದಿದೆಯೆಂಬ ಆಕ್ಷೇಪಣೆಗೆ ಮುಂದೆ ಎಡೆಯಿರುವುದಿಲ್ಲ. ಮಹಾನಗರ ಪಾಲಿಕೆಯೇ ನಡೆಸುವ ಶಾಲೆಯಾದರೆ ಅದರ ಶಿಕ್ಷಣ ವಿಭಾಗಕ್ಕೆ ಸಲ್ಲಿಸಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಂತಹ ಸಂಸ್ಥೆಗಳು ಶಾಲಾ ಶಿಕ್ಷಣ ಇಲಾಖೆಯ ಆಡಳಿತದಲ್ಲಿಲ್ಲ. ಅವು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ವ್ಯಾಪ್ತಿಯಲ್ಲಿವೆ. ಅಂಗನವಾಡಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿವೆ.

ಮೂರು ತಿಂಗಳ ಅವಧಿ ಕಡತಕ್ಕೆ ಚಿಕ್ಕದು, ಮಗುವಿಗೆ ದೊಡ್ಡದು. ಜೂನ್ ತಿಂಗಳಲ್ಲಿ ಪುಸ್ತಕ ಬಂದಿಲ್ಲವೆಂದು ತಿಳಿದೂ ದಸರಾ ರಜೆ ಕಳೆಯಲೆಂದು ಕಾದು ಅರ್ಜಿ ಹಾಕಿದರೆ, ತೀರ್ಮಾನ ಬರುವಷ್ಟರಲ್ಲಿ ವಾರ್ಷಿಕ ಪರೀಕ್ಷೆ ಸಮೀಪಿಸಿರುತ್ತದೆ. ಪುಸ್ತಕ, ಸಮವಸ್ತ್ರ ಮತ್ತು ಶಿಕ್ಷಕರ ವಿಷಯದ ದೂರುಗಳನ್ನು ಶಾಲೆ ಆರಂಭವಾದ ಮೊದಲ ತಿಂಗಳಿನಲ್ಲಿಯೇ ಸಲ್ಲಿಸುವುದು ಉಚಿತ.

ಅರ್ಜಿ ಬರೆಯುವ ಬಗೆ

ಇದಕ್ಕೆ ನಿಗದಿತ ನಮೂನೆ ಬೇಕಿಲ್ಲ. ಬಿಳಿಯ ಹಾಳೆಯಲ್ಲಿ ಕೈಬರಹದ ಅರ್ಜಿ ಸಾಕು. ಶಾಲೆಯ ಪೂರ್ಣ ಹೆಸರು, ಊರು, ತಾಲ್ಲೂಕು, ತರಗತಿ, ಮಾಧ್ಯಮ, ಕೊರತೆ ಆರಂಭವಾದ ದಿನಾಂಕ, ಬಾಧಿತ ಮಕ್ಕಳ ಸಂಖ್ಯೆ ಹಾಗೂ ಕೋರುವ ಪರಿಹಾರ ಇವು ಸ್ಪಷ್ಟವಾಗಿರಬೇಕು. ಶಾಲೆಯ ಯು-ಡೈಸ್ ಸಂಖ್ಯೆ ಬರೆದರೆ ಒಂದೇ ಹೆಸರಿನ ಶಾಲೆಗಳ ನಡುವೆ ಗೊಂದಲವಾಗದು.

‘ನಮ್ಮ ಶಾಲೆಯಲ್ಲಿ ಯಾವ ಸೌಲಭ್ಯವೂ ಇಲ್ಲ, ದಯಮಾಡಿ ಕ್ರಮ ಕೈಗೊಳ್ಳಿ’ ಎಂಬ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹವೇ ಬರುವುದು ಸಹಜ. ಬದಲಾಗಿ, ‘6ನೇ ತರಗತಿ ಉರ್ದು ಮಾಧ್ಯಮದ 41 ಮಕ್ಕಳಲ್ಲಿ 17 ಮಕ್ಕಳಿಗೆ ವಿಜ್ಞಾನ ಪುಸ್ತಕ ಈವರೆಗೆ ದೊರೆತಿಲ್ಲ, 15 ದಿನಗಳೊಳಗೆ ಒದಗಿಸಲು ಹಾಗೂ ವಿಳಂಬದ ಕಾರಣ ತಿಳಿಸಲು ಕೋರಿದೆ’ ಎಂದು ಬರೆದರೆ, ಉತ್ತರಿಸುವವರು ಆ 17 ಮಕ್ಕಳಿಗೆ ಲೆಕ್ಕ ಕೊಡಬೇಕಾಗುತ್ತದೆ. ರಾಜ್ಯದಲ್ಲಿ ಪಠ್ಯಪುಸ್ತಕಗಳು ಕನ್ನಡವಲ್ಲದೆ ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಮಾಧ್ಯಮಗಳಲ್ಲಿಯೂ ಮುದ್ರಣವಾಗುವುದರಿಂದ ಮಾಧ್ಯಮ ಮತ್ತು ವಿಷಯವನ್ನು ಬಿಡದೆ ನಮೂದಿಸಬೇಕು. ಬೇರೆ ಬೇರೆ ವಿಷಯಗಳಿಗೆ ಬೇರೆ ಬೇರೆ ಅರ್ಜಿ ಬರೆಯುವುದು ಲೇಸು. ಕಟ್ಟಡದ ದೂರು ಒಂದು ಶಾಖೆಗೂ ಶಿಕ್ಷಕರ ದೂರು ಇನ್ನೊಂದು ಶಾಖೆಗೂ ಹೋಗಬೇಕಾಗಿದ್ದು, ಒಂದೇ ಹಾಳೆಯಲ್ಲಿದ್ದರೆ ಎರಡರಲ್ಲೊಂದು ಹಿಂದೆ ಬೀಳುತ್ತದೆ.

ಅರ್ಜಿಯ ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಪಡೆಯತಕ್ಕದ್ದು. ಸ್ವೀಕೃತಿ ನೀಡಲು ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಆ ರಸೀದಿಯಿಲ್ಲದೆ ಮೇಲ್ಮನವಿಯಲ್ಲಿ ಮೂರು ತಿಂಗಳು ಕಳೆದಿದೆಯೆಂದು ತೋರಿಸಲು ಬೇರೆ ದಾರಿಯಿಲ್ಲ.

ಸಹಿ, ವಿಳಾಸಗಳಿಲ್ಲದ ಅರ್ಜಿಗಳ ಮೇಲೆ ಸಾಮಾನ್ಯವಾಗಿ ಕ್ರಮವಾಗುವುದಿಲ್ಲ. ದೂರು ಕೊಟ್ಟರೆ ಮಗುವಿಗೆ ಟಿ.ಸಿ. ಕೊಟ್ಟು ಕಳುಹಿಸಬಹುದೆಂಬ ಭಯ ಅನೇಕ ಪೋಷಕರಲ್ಲಿದೆ. ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವೆಂದು ಪ್ರಕರಣ 16 ಸ್ಪಷ್ಟವಾಗಿ ಹೇಳಿದೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಪ್ರಕರಣ 17ರಂತೆ ನಿಷಿದ್ಧ. ಒಬ್ಬರೇ ಮುಂದೆ ಬರಲು ಅಂಜುವಲ್ಲಿ ಹತ್ತು ಹದಿನೈದು ಪೋಷಕರು ಒಟ್ಟಾಗಿ ಸಹಿ ಮಾಡುವುದು ರೂಢಿಯಲ್ಲಿರುವ ಒಳ್ಳೆಯ ಮಾರ್ಗ. ಮಗುವಿಗೆ ತಕ್ಷಣದ ಅಪಾಯವಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಸಮವಸ್ತ್ರದ ಒಂದು ಪ್ರಕರಣ

ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಪರವಾಗಿ ಸಲ್ಲಿಸಲಾದ ರಿಟ್ ಅರ್ಜಿಯಲ್ಲಿ, ಎರಡು ಜೊತೆ ಸಮವಸ್ತ್ರ, ಶೂ ಹಾಗೂ ಕಾಲುಚೀಲ ಒದಗಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಆದೇಶಿಸಿತು. ಆದೇಶ ಪಾಲನೆಯಾಗಲಿಲ್ಲವೆಂದು ಮುಂದೆ ನ್ಯಾಯಾಂಗ ನಿಂದನೆ ಅರ್ಜಿಯೂ ಸಲ್ಲಿಕೆಯಾಯಿತು. ಸಮವಸ್ತ್ರವು ಅನುದಾನ ಉಳಿದಾಗ ಕೊಡುವ ಉಡುಗೊರೆಯಲ್ಲ, ಶಿಕ್ಷಣ ಹಕ್ಕಿನ ಭಾಗ ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ.

ಮಧ್ಯಾಹ್ನದ ಬಿಸಿಯೂಟ

ಬಿಸಿಯೂಟದ ಹಕ್ಕು ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರಲ್ಲಿದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, 6ರಿಂದ 8ನೇ ತರಗತಿಯ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಇರುವ ಊಟ ಸಲ್ಲಬೇಕು. ಹೆಚ್ಚಿನ ಪೋಷಕರಿಗೆ ತಿಳಿಯದಿರುವ ಅಂಶವೊಂದಿದೆ. 2015ರ ನಿಯಮಗಳಂತೆ, ಧಾನ್ಯವಿಲ್ಲ, ಅಡುಗೆ ಸಿಬ್ಬಂದಿ ಬಂದಿಲ್ಲ, ಇಂಧನ ಮುಗಿದಿದೆ ಎಂಬಂತಹ ಕಾರಣಗಳಿಂದ ಶಾಲೆ ನಡೆದ ದಿನ ಊಟ ನೀಡದಿದ್ದರೆ, ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚಕ್ಕೆ ಸಮನಾದ ಆಹಾರ ಭದ್ರತಾ ಭತ್ಯೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಮಗುವಿಗೆ ನೀಡಬೇಕು. ಸತತ 3 ಶಾಲಾ ದಿನ ಅಥವಾ ತಿಂಗಳಲ್ಲಿ 5 ದಿನ ಊಟ ತಪ್ಪಿದರೆ ಹೊಣೆಗಾರರನ್ನು ಗುರುತಿಸಿ ಕ್ರಮ ಜರುಗಿಸಬೇಕು. ಆದ್ದರಿಂದ ಊಟ ತಪ್ಪಿದ ದಿನಾಂಕಗಳನ್ನು ಪೋಷಕರು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳುವುದು ಉಪಯುಕ್ತ. ದೂರನ್ನು ತಾಲ್ಲೂಕು ಪಂಚಾಯತಿಯಲ್ಲಿರುವ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ನೀಡಬಹುದು. ಆಹಾರ ಭದ್ರತಾ ಅಧಿನಿಯಮದಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಯವರಿಗೂ, ನಂತರ ರಾಜ್ಯ ಆಹಾರ ಆಯೋಗಕ್ಕೂ ಹೋಗಲು ಅವಕಾಶವಿದೆ.

ಜಾತಿ ತಾರತಮ್ಯದ ದೂರುಗಳು

ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದ ಮಕ್ಕಳನ್ನು ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸುವುದು, ಅವರಿಗೆ ನೀರಿನ ಲೋಟ ಬೇರೆಯಿಡುವುದು, ಶೌಚಾಲಯ ತೊಳೆಯುವ ಕೆಲಸವನ್ನು ಅವರಿಗೇ ಹಚ್ಚುವುದು ಸೌಲಭ್ಯದ ಕೊರತೆಯಲ್ಲ, ಅಪರಾಧ. ಇಂತಹ ವಿಷಯವನ್ನು ಎಸ್.ಡಿ.ಎಂ.ಸಿ. ಸಭೆಯಲ್ಲಿ ‘ರಾಜಿ’ ಮಾಡಿ ಮುಗಿಸುವುದು ಸರಿಯಲ್ಲ. ದೌರ್ಜನ್ಯ ತಡೆ ಅಧಿನಿಯಮ, 1989ಕ್ಕೆ 2015ರಲ್ಲಿ ಆದ ತಿದ್ದುಪಡಿಯಂತೆ ಶಿಕ್ಷಣ ಸಂಸ್ಥೆಗೆ ಪ್ರವೇಶಿಸದಂತೆ ತಡೆಯುವುದೂ ಶಿಕ್ಷಾರ್ಹವಾಗಿದ್ದು, ತನಿಖೆಯನ್ನು ಉಪ ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಡೆಸತಕ್ಕದ್ದು. ದೂರನ್ನು ಪೊಲೀಸ್ ಠಾಣೆಗೆ ಅಥವಾ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ನೀಡಬಹುದು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ವಿಷಯ ಬೆಳಕಿಗೆ ಬಂದಾಗ ಸಿಬ್ಬಂದಿಯ ಅಮಾನತಿನೊಂದಿಗೆ ಪೊಲೀಸ್ ಪ್ರಕರಣವೂ ದಾಖಲಾಯಿತು. ಲೈಂಗಿಕ ಕಿರುಕುಳದ ಯಾವುದೇ ಸಂಗತಿಯೂ ಪೋಕ್ಸೊ ಅಧಿನಿಯಮ, 2012ರಡಿ ನೇರವಾಗಿ ಪೊಲೀಸರಿಗೆ ತಿಳಿಸಬೇಕಾದ ವಿಷಯವೇ ಹೊರತು ಇಲಾಖಾ ವಿಚಾರಣೆಗಾಗಿ ಕಾಯುವಂತಹುದಲ್ಲ.

ವಿಕಲಚೇತನ ಮಕ್ಕಳು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಂತೆ, ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಸಲಕರಣೆ ಉಚಿತ. ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾಧಿಕಾರಿಯನ್ನು ನೇಮಿಸಿ ದೂರುಗಳ ವಹಿ ಇಡಬೇಕು. ದೂರು ನೋಂದಣಿಯಾದ 2 ವಾರಗಳೊಳಗೆ ವಿಚಾರಣೆಯಾಗಬೇಕು. ಅತೃಪ್ತರಾದವರು ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಈ ಎರಡು ವಾರಗಳ ಅವಧಿ ಶಿಕ್ಷಣ ಹಕ್ಕು ಅಧಿನಿಯಮದ ಮೂರು ತಿಂಗಳಿಗಿಂತ ಬಹಳ ಕಡಿಮೆಯಾದ್ದರಿಂದ, ಇಳಿಜಾರು ಮಾರ್ಗ ಅಥವಾ ಬ್ರೈಲ್ ಪುಸ್ತಕದಂತಹ ವಿಷಯಗಳಲ್ಲಿ ಈ ದಾರಿಯೇ ಹೆಚ್ಚು ಅನುಕೂಲ.

ಮೇಲ್ಮನವಿ

ಸ್ಥಳೀಯ ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದವರು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಗುವಿನ ಶಿಕ್ಷಣ ಹಕ್ಕಿನ ಬಗೆಗಿನ ದೂರುಗಳನ್ನು ನೇರವಾಗಿಯೂ ವಿಚಾರಿಸಲು ಆಯೋಗಕ್ಕೆ ಅಧಿಕಾರವಿದೆ. ವಿಚಾರಣೆಯಲ್ಲಿ ಸಾಕ್ಷಿಗಳನ್ನು ಕರೆಸಲು, ದಾಖಲೆಗಳನ್ನು ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರ ಅದಕ್ಕಿದ್ದರೂ, ವಿಚಾರಣೆಯ ನಂತರ ಅದು ಸರ್ಕಾರಕ್ಕೆ ಮಾಡುವುದು ಶಿಫಾರಸು; ಅಗತ್ಯವಿದ್ದಲ್ಲಿ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ಮೇಲ್ಮನವಿಗೆ ಮೂಲ ದೂರಿನ ಪ್ರತಿ, ಸ್ವೀಕೃತಿ ಮತ್ತು ಹಿಂಬರಹ ಬಂದಿದ್ದಲ್ಲಿ ಅದನ್ನು ಲಗತ್ತಿಸಬೇಕು.

ಸಕಾಲ, 1902 ಮತ್ತು ಮಾಹಿತಿ ಹಕ್ಕು

ಇವುಗಳನ್ನು ಒಂದೇ ಎಂದು ಭಾವಿಸುವವರಿದ್ದಾರೆ. ಸಕಾಲ ಅಧಿನಿಯಮ, 2011 ಪಟ್ಟಿ ಮಾಡಿದ ನಿರ್ದಿಷ್ಟ ಸೇವೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅದರಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವಿದೆ. ಶಿಕ್ಷಕರಿಲ್ಲವೆಂಬ ದೂರಿಗೆ ಅದು ಸಲ್ಲದು. 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿಯು ಎಲ್ಲ ಇಲಾಖೆಗಳ ಕುಂದುಕೊರತೆಗಳನ್ನು ದಾಖಲಿಸಿಕೊಳ್ಳುತ್ತದೆ. ಕೂಡಲೇ ನೋಂದಣಿ ಸಂಖ್ಯೆ ದೊರೆಯುವುದು ಅದರ ಅನುಕೂಲ. ಆದರೂ ಪ್ರಕರಣ 32 ಲಿಖಿತ ದೂರನ್ನೇ ಕೇಳುವುದರಿಂದ, ಕರೆ ಮಾಡಿದವರು ಅರ್ಜಿಯನ್ನೂ ಸಲ್ಲಿಸತಕ್ಕದ್ದು.

ದೂರು ಏನಾಯಿತೆಂದು ತಿಳಿಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಹಾಕಿ, ಕಡತದ ಟಿಪ್ಪಣಿ ಪುಟಗಳ ಪ್ರತಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ.

9 ಮತ್ತು 10ನೇ ತರಗತಿ

ಶಿಕ್ಷಣ ಹಕ್ಕು ಅಧಿನಿಯಮದ ವ್ಯಾಪ್ತಿ 8ನೇ ತರಗತಿಗೆ ಮುಗಿಯುವುದರಿಂದ ಪ್ರೌಢಶಾಲೆಯ ಮೇಲಿನ ತರಗತಿಗಳ ಮಕ್ಕಳಿಗೆ ಪ್ರಕರಣ 32ರ ಕಾಲಮಿತಿ ದೊರೆಯುವುದಿಲ್ಲ. ಇದು ಕಾನೂನಿನಲ್ಲಿರುವ ನಿಜವಾದ ಕಂದಕ. ಅಂತಹ ದೂರುಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿ, ನಂತರ ಜಿಲ್ಲೆಯ ಉಪನಿರ್ದೇಶಕರಿಗೆ ಆಡಳಿತಾತ್ಮಕವಾಗಿ ಸಲ್ಲಿಸಬೇಕು. ವಿಕಲಚೇತನರ ಅಧಿನಿಯಮ ಹಾಗೂ ದೌರ್ಜನ್ಯ ತಡೆ ಅಧಿನಿಯಮಗಳಿಗೆ ಈ ಮಿತಿಯಿಲ್ಲ. ಮಕ್ಕಳ ಹಕ್ಕುಗಳ ಆಯೋಗವೂ 18 ವರ್ಷದೊಳಗಿನ ಎಲ್ಲರ ದೂರುಗಳನ್ನು ಪರಿಗಣಿಸುತ್ತದೆ.

ಪ್ರಕರಣ 32ರ ದೂರಿಗೆ ಅಧಿನಿಯಮದಲ್ಲಿ ಯಾವುದೇ ಶುಲ್ಕ ಗೊತ್ತುಪಡಿಸಿಲ್ಲ. ವಕೀಲರನ್ನು ನೇಮಿಸಿಕೊಳ್ಳುವ ಅವಶ್ಯಕತೆಯೂ ಇಲ್ಲ. ಅರ್ಜಿ ಕನ್ನಡದಲ್ಲಿಯೇ ಇರಬಹುದು.